ಬಿಪಿಎ ಇಲ್ಲ ಸರಿ, ಅದರ ಜಾಗದಲ್ಲಿ ಏನಿದೆ?

ಮಕ್ಕಳ ನೀರಿನ ಬಾಟಲಿ ಕೊಳ್ಳಲು ಹೋದರೆ ಈಗ ಎಲ್ಲ ಕಡೆ ‘ಬಿಪಿಎ ಫ್ರೀ’ ಎನ್ನುವ ಚೀಟಿ ಕಾಣುತ್ತದೆ. ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ ಅಂತ ಅದನ್ನೇ ತೆಗೆದುಕೊಳ್ಳುತ್ತೇವೆ, ಅಲ್ವಾ? ಆ ಚೀಟಿ ಹೇಳುವುದು ಇಷ್ಟೇ, ಬಿಸ್ಫೆನಾಲ್ ಎ ಎಂಬ ಒಂದು ರಾಸಾಯನಿಕ ಇದರಲ್ಲಿಲ್ಲ. ಅದರ ಜಾಗದಲ್ಲಿ ಏನು ಹಾಕಿದ್ದಾರೆ, ಹಾಕಿದ್ದನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರಾ ಎನ್ನುವುದು ಅಲ್ಲಿ ಬರೆದಿರುವುದಿಲ್ಲ.

ನಮ್ಮ ಮೈಯ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುವ ರಾಸಾಯನಿಕಗಳು ಒಂದೆರಡಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ ತಂದ 2012ರ ವರದಿ, ಇಂಥದ್ದು ಎಂದು ಗೊತ್ತಿರುವ ಅಥವಾ ಗುಮಾನಿ ಇರುವ ರಾಸಾಯನಿಕಗಳು ಸುಮಾರು 800 ಎಂದು ಲೆಕ್ಕ ಹಾಕಿತ್ತು. ಅವುಗಳಲ್ಲಿ ಸರಿಯಾಗಿ ಪರೀಕ್ಷೆ ಆದವು ಬೆರಳೆಣಿಕೆಯಷ್ಟು ಎಂದೂ ಹೇಳಿತ್ತು. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ, ತಗಡಿನ ಡಬ್ಬಿಯ ಒಳಲೇಪದಲ್ಲಿ, ಅಂಗಡಿಯ ಬಿಲ್ ಕಾಗದದಲ್ಲಿ ಬಿಸ್ಫೆನಾಲ್‌ಗಳು. ಮೆತ್ತನೆಯ ಪಿವಿಸಿಯಲ್ಲಿ, ಸೆಂಟು, ನೇಲ್ ಪಾಲಿಶ್‌ಗಳಲ್ಲಿ ಥಾಲೇಟ್‌ಗಳು. ಕ್ರೀಮು, ಶಾಂಪೂ ಕೆಡದಂತೆ ಇಡಲು ಪ್ಯಾರಾಬೆನ್‌ಗಳು. ಹೊಲದಲ್ಲಿ ಕೀಟನಾಶಕಗಳು. ಇಷ್ಟೊಂದು ಕಾನೂನು, ಇಲಾಖೆ, ಪ್ರಯೋಗಾಲಯ ಇದ್ದೂ ಇವುಗಳಿಗೆ ಕಡಿವಾಣ ಬೀಳದಿರುವುದು ಯಾಕೆ? ನನ್ನ ಉತ್ತರ ಹೇಳಿಬಿಡುತ್ತೇನೆ. ಕಾನೂನು ಕೇಳುವ ಪ್ರಶ್ನೆಯೇ ಸರಿಯಿಲ್ಲ. ‘ಈ ಒಂದು ವಸ್ತು ಎಷ್ಟು ಹೋದರೆ ವಿಷ?’ ಎಂದು ಅದು ಕೇಳುತ್ತದೆ. ಹಾರ್ಮೋನಿನ ವಿಷಯದಲ್ಲಿ ಕೇಳಬೇಕಾದದ್ದು, ಯಾವಾಗ ಹೋಯಿತು, ಯಾರ ಮೈಗೆ ಹೋಯಿತು, ಜೊತೆಗೆ ಇನ್ನೇನು ಹೋಯಿತು ಅಂತ.

ಮೊದಲು ಮೈಯೊಳಗಿನ ಸಂಗತಿ. ಪಿಟ್ಯುಟರಿ, ಥೈರಾಯ್ಡ್, ಅಂಡಾಶಯ, ವೃಷಣ, ಇವೆಲ್ಲ ರಕ್ತಕ್ಕೆ ಹಾರ್ಮೋನು ಬಿಡುತ್ತವೆ. ಅವು ದೂರದ ಅಂಗಕ್ಕೆ ಹೋಗಿ ‘ಈಗ ಬೆಳೆ’, ‘ಈಗ ನಿಲ್ಲಿಸು’ ಎಂದು ಹೇಳುತ್ತವೆ. ಇದಕ್ಕೆ ಬೇಕಾದ ಪ್ರಮಾಣ ಕೇಳಿದರೆ ಆಶ್ಚರ್ಯವಾಗುತ್ತದೆ. ಗರ್ಭಿಣಿಯಲ್ಲದ ಹೆಂಗಸಿನ ಒಂದು ಮಿಲಿಲೀಟರ್ ರಕ್ತದಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನುಗಳಲ್ಲಿ ಮುಖ್ಯವಾದದ್ದು ಇರುವುದು ಒಂದು ನ್ಯಾನೋಗ್ರಾಂಗಿಂತ ಕಡಿಮೆ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಪಾತ್ರೆ ತುಂಬ ಹಾಲಿಗೆ ಅರ್ಧ ಚಮಚ ಹೆಪ್ಪು ಸಾಕಾಗುವ ಹಾಗೆ, ಇಲ್ಲಿ ಚೂರೇ ಚೂರು ಸಾಕು, ಮತ್ತು ಹೆಪ್ಪು ಹಾಕಿದ ಹೊತ್ತಿನಲ್ಲಿ ಹಾಲು ಎಷ್ಟು ಬೆಚ್ಚಗಿತ್ತು ಎನ್ನುವುದೂ ಮುಖ್ಯ. ಹೊರಗಿನಿಂದ ಬಂದ ರಾಸಾಯನಿಕ ಈ ಕೆಲಸದಲ್ಲಿ ಹಲವು ರೀತಿ ತಲೆಹಾಕಬಹುದು. ಕೆಲವು ಈಸ್ಟ್ರೋಜೆನ್‌ನ ವೇಷ ಹಾಕುತ್ತವೆ. ಕೆಲವು ಗಂಡು ಹಾರ್ಮೋನು ಕೂರಬೇಕಾದ ಜಾಗದಲ್ಲಿ ತಾವೇ ಕೂತು ದಾರಿ ಅಡ್ಡಗಟ್ಟುತ್ತವೆ. ಇನ್ನು ಕೆಲವು ಹಾರ್ಮೋನು ತಯಾರಾಗುವ ಅಥವಾ ಕರಗುವ ವೇಗವನ್ನೇ ಬದಲಿಸುತ್ತವೆ.

ಈಗ ಕಾನೂನಿನ ಕಡೆ. ವಿಷಶಾಸ್ತ್ರದ ಹಳೆಯ ಸೂತ್ರ ಒಂದಿದೆ, ಪ್ರಮಾಣ ಜಾಸ್ತಿ ಆದಾಗಲೇ ವಿಷ. ಹದಿನಾರನೇ ಶತಮಾನದ ಪ್ಯಾರಾಸೆಲ್ಸಸ್‌ನ ಕಾಲದಿಂದ ಬಂದದ್ದು. ಇವತ್ತಿನ ಸುರಕ್ಷತಾ ಮಿತಿಗಳೆಲ್ಲ ಹೆಚ್ಚುಕಡಿಮೆ ಅದರ ಮೇಲೇ ನಿಂತಿವೆ. ಇಲಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಡುತ್ತಾರೆ. ತೊಂದರೆ ಕಾಣದ ಪ್ರಮಾಣ ಯಾವುದು ನೋಡುತ್ತಾರೆ. ಅದನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ‘ಮನುಷ್ಯರಿಗೆ ಇಷ್ಟು ಸರಿ’ ಎನ್ನುತ್ತಾರೆ. ಸಯನೈಡಿನಂಥದ್ದಕ್ಕೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹಾರ್ಮೋನಿನ ದಾರಿ ಯಾವಾಗಲೂ ನೇರವಲ್ಲ. ಕೆಲವು ಪ್ರಯೋಗಗಳಲ್ಲಿ ಕಡಿಮೆ ಪ್ರಮಾಣದಲ್ಲಿ ಕಂಡ ಪರಿಣಾಮ ದೊಡ್ಡ ಪ್ರಮಾಣದಲ್ಲಿ ಕಾಣಲೇ ಇಲ್ಲ. ದೊಡ್ಡ ಪ್ರಮಾಣ ಕೊಟ್ಟು ‘ಏನೂ ಆಗಲಿಲ್ಲ’ ಎಂದು ಬರೆದರೆ ಕೆಳಗಿನ ಪ್ರಮಾಣಗಳನ್ನು ನೋಡಿದಂತಾಗುವುದಿಲ್ಲ.

ಹೊತ್ತು ಎಷ್ಟು ಮುಖ್ಯ ಎಂದು ತಿಳಿಯಲು ಡಿಇಎಸ್ ಎಂಬ ಔಷಧದ ಕತೆ ಸಾಕು. ಲಂಡನ್ನಿನ ಚಾರ್ಲ್ಸ್ ಡಾಡ್ಸ್ ತಂಡ 1938ರಲ್ಲಿ ಇದನ್ನು ಪ್ರಕಟಿಸಿತು. ಅಗ್ಗದ ಕೃತಕ ಈಸ್ಟ್ರೋಜೆನ್. ಗರ್ಭಪಾತ ತಡೆಯುತ್ತದೆ ಎಂದು 1940ರ ದಶಕದಿಂದ ಅಮೆರಿಕದ ವೈದ್ಯರು ಗರ್ಭಿಣಿಯರಿಗೆ ಕೊಟ್ಟರು. ಶಿಕಾಗೊದಲ್ಲಿ ನಡೆದ ಪರೀಕ್ಷೆಯೊಂದು 1953ರಲ್ಲೇ ಇದರಿಂದ ಉಪಯೋಗವಿಲ್ಲ ಎಂದು ತೋರಿಸಿತ್ತು, ಆದರೂ ಕೊಡುವುದು ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನ ವೈದ್ಯ ಆರ್ಥರ್ ಹರ್ಬ್‌ಸ್ಟ್ ಮತ್ತು ಸಂಗಡಿಗರು ಎಂಟು ಯುವತಿಯರ ಬಗ್ಗೆ ಬರೆದರು. ಎಳೆ ವಯಸ್ಸಿನಲ್ಲಿ ಬಾರದೇ ಇರುವಂಥ ಅಪರೂಪದ ಯೋನಿಯ ಕ್ಯಾನ್ಸರ್ ಅವರಿಗೆ ಬಂದಿತ್ತು. ಎಂಟರಲ್ಲಿ ಏಳು ಜನರ ತಾಯಂದಿರು ಬಸುರಿನಲ್ಲಿ ಡಿಇಎಸ್ ತೆಗೆದುಕೊಂಡಿದ್ದರು. ಅದೇ ವರ್ಷ ಅಮೆರಿಕದ ಔಷಧ ಇಲಾಖೆ ಗರ್ಭಿಣಿಯರಿಗೆ ಇದನ್ನು ಕೊಡಬೇಡಿ ಎಂದಿತು. ಮಾತ್ರೆ ನುಂಗಿದ್ದು ತಾಯಿ, ಪೆಟ್ಟು ಬಿದ್ದದ್ದು ಹೊಟ್ಟೆಯಲ್ಲಿದ್ದ ಮಗುವಿಗೆ, ಅದೂ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ! ಮೂರು ತಿಂಗಳ ಇಲಿ ಪರೀಕ್ಷೆಯಲ್ಲಿ ಇದು ಹೇಗೆ ಸಿಕ್ಕೀತು?

ಅಂದ ಹಾಗೆ, ಬಿಸ್ಫೆನಾಲ್ ಎ ಸಣ್ಣಮಟ್ಟಿಗೆ ಈಸ್ಟ್ರೋಜೆನ್‌ನಂತೆ ನಡೆದುಕೊಳ್ಳುತ್ತದೆ ಎಂದು 1936ರಲ್ಲಿ ಬರೆದದ್ದೂ ಇದೇ ಡಾಡ್ಸ್. ಔಷಧವಾಗಿ ಅದು ಗೆಲ್ಲಲಿಲ್ಲ. ಇಪ್ಪತ್ತು ವರ್ಷದೊಳಗೆ ಅದರಿಂದ ಪಾಲಿಕಾರ್ಬೊನೇಟ್ ಎಂಬ ಗಾಜಿನಂಥ ಪ್ಲಾಸ್ಟಿಕ್ ಮಾಡುವುದನ್ನು ಕಂಡುಹಿಡಿದರು. ಆ ಹೊತ್ತಿಗೆ ಹಳೆಯ ಮಾತು ಯಾರಿಗೆ ನೆನಪಿರುತ್ತದೆ?

1991ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಿಂಗ್‌ಸ್ಪ್ರೆಡ್ ಎಂಬಲ್ಲಿ ಥಿಯೋ ಕೋಲ್ಬಾರ್ನ್ ಎಂಬ ವಿಜ್ಞಾನಿ ಬೇರೆ ಬೇರೆ ಕ್ಷೇತ್ರದವರನ್ನು ಒಂದು ಕಡೆ ಕೂರಿಸಿದರು. ಹಕ್ಕಿ, ಮೀನು, ಮೊಸಳೆ, ಮನುಷ್ಯ, ಎಲ್ಲರಲ್ಲೂ ಕಾಣುತ್ತಿರುವುದು ಒಂದೇ ಬಗೆಯ ತೊಂದರೆ ಎಂದು ಮೊದಲು ಗಟ್ಟಿಯಾಗಿ ಹೇಳಿದ ಸಭೆ ಅದು. ಅದಕ್ಕೂ ಮುಂಚೆಯೇ ಸಮುದ್ರದಲ್ಲಿ ಸಾಕ್ಷಿ ಕಣ್ಣಿಗೆ ರಾಚುವಂತಿತ್ತು. ಹಡಗಿನ ತಳಕ್ಕೆ ಪಾಚಿ, ಚಿಪ್ಪು ಹತ್ತದಿರಲಿ ಎಂದು ಬಳಿಯುತ್ತಿದ್ದ ಟ್ರೈಬ್ಯುಟೈಲ್ ಟಿನ್ ಇರುವ ಬಣ್ಣದಿಂದ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯುತ್ತಿತ್ತು. ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು 1982ರಲ್ಲಿ ನಿಲ್ಲಿಸಿತು. ಜಗತ್ತಿನ ಹಡಗುಗಳಿಗೆಲ್ಲ ಅನ್ವಯವಾಗುವ ಒಪ್ಪಂದ ಆದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಇಷ್ಟು ಸ್ಪಷ್ಟವಾಗಿದ್ದ ಪ್ರಕರಣಕ್ಕೇ ಇಷ್ಟು ವರ್ಷ ಹಿಡಿಯಿತು.

ನಮ್ಮ ಕಡೆಯ ಸಾಕ್ಷಿ ಇರುವುದು ಕಾಸರಗೋಡಿನಲ್ಲಿ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ಅಲ್ಲಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆಯಿತು. ಗೇರಿನ ಚಿಗುರು, ಹೂವು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು. ತೋಟ ಗುಡ್ಡದ ಮೇಲೆ, ಮನೆಗಳು ಕೆಳಗೆ. ಎಣ್ಮಕಜೆ ಪಂಚಾಯಿತಿಯ ಪಡ್ರೆ, ಸ್ವರ್ಗ, ವಾಣಿನಗರದಂಥ ಕಡೆ ಜನ ಕುಡಿಯುವುದು ಗುಡ್ಡ ಕೊರೆದು ಮಾಡಿದ ಸುರಂಗದ ನೀರು, ತೋಡಿನ ನೀರು. ಗುಡ್ಡದ ಮೇಲೆ ಬಿದ್ದದ್ದು ಮಳೆಯ ಜೊತೆ ಇಳಿದು ಎಲ್ಲಿಗೆ ಬರುತ್ತದೆ ಎಂದು ಹೇಳಲು ದೊಡ್ಡ ವಿಜ್ಞಾನಿ ಬೇಕಿರಲಿಲ್ಲ. ಪತ್ರಕರ್ತ ಶ್ರೀಪಡ್ರೆ ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬಹಳ ಮೊದಲೇ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವವರಲ್ಲಿ ಲೆಕ್ಕ ಮೀರಿ ಕಾಣುತ್ತಿದ್ದ ಕಾಯಿಲೆಗಳನ್ನು ಗುರುತು ಮಾಡಿ ಹೇಳುತ್ತ ಬಂದರು. ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಪುತ್ತೂರು, ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಇದೇ ಪಾಡು, ಅಲ್ಲಿ ಹೊಡೆದದ್ದು ಕರ್ನಾಟಕದ ಗೇರು ಅಭಿವೃದ್ಧಿ ನಿಗಮ.

ಎಂಡೋಸಲ್ಫಾನ್ ಎಂದರೆ ನಮಗೆ ನೆನಪಾಗುವುದು ಪತ್ರಿಕೆಗಳಲ್ಲಿ ಬಂದ ಅಂಗವಿಕಲ ಮಕ್ಕಳ ಚಿತ್ರಗಳು. ಹಾರ್ಮೋನಿನ ಕತೆ ಅಷ್ಟು ಜನರಿಗೆ ಗೊತ್ತಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ತೋಟದ ತಪ್ಪಲಿನಲ್ಲಿ ಬೆಳೆದ 117 ಶಾಲಾ ಹುಡುಗರನ್ನು, ಸ್ಪ್ರೇ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು, ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಇರಬೇಕಾದ ರೀತಿ ಇರಲಿಲ್ಲ. ನೋಡಲು ಆ ಹುಡುಗರು ಆರೋಗ್ಯವಾಗಿಯೇ ಇದ್ದರು ಎನ್ನಿ, ಶಾಲೆಗೆ ಹೋಗುತ್ತಿದ್ದವರು. ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇದು ‘ಕಾಯಿಲೆ’ ಎಂದು ಬರುವುದಿಲ್ಲ. ಕೀಟನಾಶಕ ಉದ್ಯಮದವರು ಅಧ್ಯಯನವನ್ನು ಒಪ್ಪಲಿಲ್ಲ, ಹುಡುಗರ ಸಂಖ್ಯೆ ಕಡಿಮೆ, ವಿಧಾನ ಸರಿಯಿಲ್ಲ ಎಂದು ವಾದ ಮಾಡಿದರು. ವಾದ ಮಾಡಲಿ, ವಿಜ್ಞಾನದಲ್ಲಿ ಅದು ಇರಬೇಕಾದದ್ದೇ. ಆದರೆ ವಾದ ಮುಗಿಯುವವರೆಗೆ ಮಾರಾಟ ನಡೆಯುತ್ತಲೇ ಇರುತ್ತದೆ ಎನ್ನುವುದು ಇಲ್ಲಿನ ಕಿತಾಪತಿ.

ಮಾರಾಟ ನಡೆಯಿತು ಕೂಡ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬೇಗ ಕರಗದೆ ಉಳಿಯುವ ವಿಷಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನ್ ನಿಲ್ಲಿಸುವ ಪಟ್ಟಿಗೆ ಸೇರಿಸಿದವು. ಕೊನೆಯವರೆಗೂ ಹಿಂದೇಟು ಹಾಕಿದವರಲ್ಲಿ ಭಾರತ ಮುಖ್ಯ, ಕೆಲವು ಬೆಳೆಗಳಿಗೆ ವಿನಾಯಿತಿ ಸಿಕ್ಕಿದ ಮೇಲೇ ನಮ್ಮವರು ಒಪ್ಪಿದ್ದು. ಅದಾಗಿ ಎರಡೇ ವಾರ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆ ಎಲ್ಲಕ್ಕೂ ತಡೆ ಕೊಟ್ಟಿತು. 2017ರಲ್ಲಿ ಅದೇ ಕೋರ್ಟು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. ಗಮನಿಸಿ, ನಿಲ್ಲಿಸಿದ್ದು ಕೀಟನಾಶಕಗಳಿಗೆ ಪರವಾನಗಿ ಕೊಡುವ ಇಲಾಖೆಯಲ್ಲ. ಅದರ ಕೈಯಲ್ಲಿ 1968ರ ಕಾಯ್ದೆ ಇತ್ತು, ಅಧಿಕಾರ ಇತ್ತು. ನಿಲ್ಲಿಸಿದ್ದು ನ್ಯಾಯಾಲಯ.

ಯುರೋಪಿನವರು ಇದನ್ನು ಬೇರೆ ರೀತಿ ಮಾಡಲು ಹೊರಟರು. ಒಂದು ವಸ್ತು ಹಾರ್ಮೋನು ಕೆಡಿಸುತ್ತದೆ ಎಂದು ಗೊತ್ತಾದರೆ ಕೀಟನಾಶಕವಾಗಿ ಅದಕ್ಕೆ ಒಪ್ಪಿಗೆಯೇ ಇಲ್ಲ, ಎಷ್ಟು ಪ್ರಮಾಣ ಎಂಬ ಲೆಕ್ಕ ಆಮೇಲೆ, ಎನ್ನುವ ನಿಯಮ ತಂದರು. ಕೇಳಲು ಚೆನ್ನಾಗಿದೆ. ಆದರೆ ‘ಹಾರ್ಮೋನು ಕೆಡಿಸುತ್ತದೆ’ ಎಂದು ತೀರ್ಮಾನಿಸುವುದು ಹೇಗೆ? ಆ ಮಾನದಂಡವನ್ನು 2013ರ ಡಿಸೆಂಬರ್ ಒಳಗೆ ಕೊಡಬೇಕಿದ್ದ ಯುರೋಪಿಯನ್ ಕಮಿಷನ್ ಕೊಡಲೇ ಇಲ್ಲ. ಸ್ವೀಡನ್ ದೇಶ ಕಮಿಷನ್ ಮೇಲೆ ಕೇಸು ಹಾಕಿತು, 2015ರಲ್ಲಿ ಗೆದ್ದಿತು. ಮಾನದಂಡ ಬರಲು 2017, 2018 ಆಯಿತು. ಅಮೆರಿಕದ್ದು ಇನ್ನೂ ನಿಧಾನ. 1996ರ ಕಾನೂನು ರಾಸಾಯನಿಕಗಳಿಗೆ ಹಾರ್ಮೋನು ಪರೀಕ್ಷೆ ಮಾಡಿ ಎಂದಿತು, ಮೊದಲ ಪರೀಕ್ಷೆಗೆ ಆದೇಶ ಹೊರಟದ್ದು 2009ರಲ್ಲಿ, 2015ರಲ್ಲಿ ಮೊದಲ ಹಂತದ ಫಲಿತಾಂಶ ಬಂದದ್ದು ಬರೀ 52 ರಾಸಾಯನಿಕಗಳದ್ದು.

ಮತ್ತೆ ಬಿಪಿಎಗೆ ಬರೋಣ, ಏಕೆಂದರೆ ಜಗಳ ಅತಿ ಜೋರಾಗಿರುವುದು ಅಲ್ಲಿಯೇ. ಇದು ಮೈಯಲ್ಲಿ ಉಳಿಯುವ ವಸ್ತುವಲ್ಲ, ಒಂದು ದಿನದೊಳಗೆ ಹೆಚ್ಚುಕಡಿಮೆ ಎಲ್ಲ ಮೂತ್ರದಲ್ಲಿ ಹೋಗಿಬಿಡುತ್ತದೆ. ಆದರೂ 2003–04ರಲ್ಲಿ ಅಮೆರಿಕದಲ್ಲಿ ಆರು ವರ್ಷ ದಾಟಿದ 2,517 ಜನರ ಮೂತ್ರ ನೋಡಿದಾಗ ಶೇ 93 ಜನರಲ್ಲಿ ಬಿಪಿಎ ಸಿಕ್ಕಿತು. ಹೋದಷ್ಟೇ ವೇಗದಲ್ಲಿ ದಿನಾ ಒಳಗೆ ಬರುತ್ತಿದೆ ಎಂದರ್ಥ. ಕೆನಡಾ 2008ರಲ್ಲಿ ಹಾಲಿನ ಬಾಟಲಿಯಲ್ಲಿ ಬಿಪಿಎ ಬೇಡ ಎಂದಿತು, ಯುರೋಪ್ 2011ರಲ್ಲಿ. ಅಮೆರಿಕ 2012ರಲ್ಲಿ ಹಾಲಿನ ಬಾಟಲಿಯಿಂದ ಅದನ್ನು ತೆಗೆದದ್ದು ಸುರಕ್ಷತೆಯ ಕಾರಣಕ್ಕಲ್ಲ, ತಯಾರಕರೇ ಬಿಟ್ಟುಬಿಟ್ಟಿದ್ದಾರೆ, ಹಾಗಾಗಿ ಅನುಮತಿ ರದ್ದು ಮಾಡಿ ಎಂದು ರಾಸಾಯನಿಕ ಉದ್ಯಮದ ಸಂಘವೇ ಅರ್ಜಿ ಹಾಕಿತ್ತು!

2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಬಿಪಿಎ ಮಿತಿಯನ್ನು 20,000 ಪಟ್ಟು ಇಳಿಸಿತು. ಅಂದರೆ 60 ಕಿಲೋ ತೂಕದ ಒಬ್ಬರಿಗೆ ದಿನಕ್ಕೆ 240 ಮೈಕ್ರೋಗ್ರಾಂ ಸರಿ ಎನ್ನುತ್ತಿದ್ದವರು 12 ನ್ಯಾನೋಗ್ರಾಂ ಎಂದರು. ಈ ಲೆಕ್ಕದಲ್ಲಿ ಯುರೋಪಿನ ಬಹುಪಾಲು ಜನ ಮಿತಿ ದಾಟಿದವರೇ. ತಮಾಷೆ ಏನೆಂದರೆ, ಈ ಹೊಸ ಮಿತಿಗೆ ಆಧಾರ ಹಾರ್ಮೋನು ಕೂಡ ಅಲ್ಲ, ಇಲಿಗಳ ರೋಗನಿರೋಧಕ ಕಣಗಳಲ್ಲಿ ಕಂಡ ಬದಲಾವಣೆ. ಅದೇ ವರ್ಷ ಜರ್ಮನಿಯ ಸಂಸ್ಥೆ ಅದೇ ಸಾಹಿತ್ಯ ಓದಿ ಸಾವಿರ ಪಟ್ಟು ಸಡಿಲವಾದ ಮಿತಿ ಹೇಳಿತು. ಇಬ್ಬರೂ ದಡ್ಡರಲ್ಲ. ಇಲಿಯಲ್ಲಿ ಕಂಡ ಸಣ್ಣ ಬದಲಾವಣೆಯನ್ನು ‘ಹಾನಿ’ ಎಂದು ಯಾವಾಗ ಕರೆಯಬೇಕು ಎನ್ನುವಲ್ಲಿ ಅವರ ಅಭಿಪ್ರಾಯ ಬೇರೆ. ಅದು ಅರ್ಧ ವಿಜ್ಞಾನ, ಇನ್ನರ್ಧ ಸಂದೇಹ ಇದ್ದಾಗ ಯಾರ ಕಡೆ ವಾಲಬೇಕು ಎನ್ನುವ ಪ್ರಶ್ನೆ. ನನ್ನ ಮತ ಬಸುರಿನಲ್ಲಿರುವ ಕೂಸಿನ ಕಡೆ, ಡಬ್ಬಿ ಮಾಡುವವರಿಗೆ ಬೇರೆ ಲೇಪ ಹುಡುಕಲು ಟೈಮ್ ಇದೆ.

ಆದರೆ ಬೇರೆ ಲೇಪ ಎಂದಾಗ ಮೊದಲಿನ ಚೀಟಿಯ ಪ್ರಶ್ನೆ ಬರುತ್ತದೆ. ಬಿಪಿಎ ಬಿಟ್ಟವರು ಬಿಲ್ ಕಾಗದದಲ್ಲಿ ಬಿಸ್ಫೆನಾಲ್ ಎಸ್ ಬಳಸಿದರು. ಅಣುವಿನ ಆಕಾರ ಹೆಚ್ಚುಕಡಿಮೆ ಅಣ್ಣತಮ್ಮಂದಿರ ಹಾಗೆ, ಪ್ರಯೋಗಾಲಯದಲ್ಲಿ ಹಾರ್ಮೋನಿನ ಮೇಲಿನ ಪರಿಣಾಮವೂ ಹತ್ತಿರ ಹತ್ತಿರ. ಒಂದನ್ನು ನಿಷೇಧಿಸಲು ಹದಿನೈದು ಇಪ್ಪತ್ತು ವರ್ಷ, ಅದರ ತಮ್ಮನನ್ನು ಮಾರುಕಟ್ಟೆಗೆ ತರಲು ಒಂದೆರಡು ವರ್ಷ ಎಂದಾದರೆ ಈ ಓಟದಲ್ಲಿ ಕಾನೂನು ಎಂದೂ ಗೆಲ್ಲುವುದಿಲ್ಲ. ಅದಕ್ಕೇ ಒಂದೊಂದನ್ನೇ ಹಿಡಿಯುವ ಬದಲು ಇಡೀ ಕುಟುಂಬವನ್ನು ಒಟ್ಟಿಗೆ ನೋಡಬೇಕು ಎನ್ನುವ ಮಾತು ಜೋರಾಗುತ್ತಿದೆ. ಯುರೋಪ್ 2024ರ ಡಿಸೆಂಬರ್‌ನಲ್ಲಿ ತಂದ ನಿಷೇಧ ಆಹಾರ ತಾಗುವ ವಸ್ತುಗಳಲ್ಲಿ ಬಿಪಿಎ ಜೊತೆಗೆ ಅಪಾಯಕಾರಿ ಎಂದು ಗುರುತಾದ ಬೇರೆ ಬಿಸ್ಫೆನಾಲ್‌ಗಳನ್ನೂ ಹಿಡಿಯುತ್ತದೆ. ಪೂರ್ತಿ ಅಲ್ಲದಿದ್ದರೂ ದಿಕ್ಕು ಸರಿ.

ನಮ್ಮಲ್ಲಿ ಏನೂ ಇಲ್ಲ ಎನ್ನುವುದು ತಪ್ಪು. ಇದೆ, ಆದರೆ ತೇಪೆ ತೇಪೆಯಾಗಿ. ಮಕ್ಕಳ ಹಾಲಿನ ಬಾಟಲಿಯನ್ನು ಪಾಲಿಕಾರ್ಬೊನೇಟ್‌ನಲ್ಲಿ ಮಾಡಬಾರದು ಎಂದು ಭಾರತೀಯ ಮಾನಕ ಬ್ಯೂರೊ (ಬಿಐಎಸ್) 2015ರ ಮಾನದಂಡದಲ್ಲಿ ಹೇಳಿದೆ. ಆಟಿಕೆಗಳಲ್ಲಿ ಥಾಲೇಟ್ ಮಿತಿ ಇದೆ, 2021ರ ಜನವರಿಯಿಂದ ಬಿಐಎಸ್ ಗುರುತಿಲ್ಲದ ಆಟಿಕೆ ಮಾರುವಂತಿಲ್ಲ. ಆದರೆ ಅದೇ ಹಾಲಿನ ಬಾಟಲಿಗೆ ನೀರು ತುಂಬುವ 20 ಲೀಟರ್ ಕ್ಯಾನ್ ಪಾಲಿಕಾರ್ಬೊನೇಟ್‌ದು ಆಗಿರಬಹುದು, ಅದಕ್ಕೆ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಬೆಂಗಳೂರಿನ ಗಾಡಿಗಳಲ್ಲಿ ಬಿಸಿಲಿಗೆ ಒಣಗುತ್ತಾ ಹೋಗುವ ಕ್ಯಾನ್‌ಗಳ ತಳ ಒಮ್ಮೆ ನೋಡಿ, ತ್ರಿಕೋನದೊಳಗೆ 7 ಎಂದಿದ್ದರೆ ಅದು ಪಾಲಿಕಾರ್ಬೊನೇಟ್ ಇರುವ ಸಾಧ್ಯತೆ ಜಾಸ್ತಿ, 1 ಎಂದಿದ್ದರೆ ಪೆಟ್ ಎಂಬ ಬೇರೆ ಪ್ಲಾಸ್ಟಿಕ್. ಬಿಸಿ ತಾಗಿದಷ್ಟೂ, ಹಳತಾದಷ್ಟೂ ಪಾಲಿಕಾರ್ಬೊನೇಟ್‌ನಿಂದ ಬಿಪಿಎ ಬಿಡುವುದು ಹೆಚ್ಚು. ಬಾಟಲಿ ಒಂದು ನಿಯಮದ ಕೆಳಗೆ, ಕ್ಯಾನ್ ಇನ್ನೊಂದರ ಕೆಳಗೆ, ಆಹಾರದ ಪ್ಯಾಕಿಂಗ್ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೈಯಲ್ಲಿ, ಸೌಂದರ್ಯ ಸಾಮಗ್ರಿ ಔಷಧ ನಿಯಂತ್ರಕರ ಕೈಯಲ್ಲಿ, ಕೀಟನಾಶಕ ಕೃಷಿ ಸಚಿವಾಲಯದಲ್ಲಿ. ಮಗುವಿನ ಮೈ ಮಾತ್ರ ಒಂದೇ. ಎಲ್ಲ ರಾಸಾಯನಿಕಗಳನ್ನೂ ಒಂದೇ ಕಡೆ ನೋಂದಾಯಿಸಿ ಮಾಹಿತಿ ಕೊಡಬೇಕು ಎನ್ನುವ ನಿಯಮದ ಕರಡು 2020ರಲ್ಲಿ ತಯಾರಾಯಿತು, ಕರಡಾಗಿಯೇ ಕೂತಿತು.

ಪರಿಸರದ ಬಗ್ಗೆ ಎರಡು ಮಾತು. ನಾವು ತೊಳೆದ, ಬಳಿದ, ನುಂಗಿದ ಎಲ್ಲ ಕೊನೆಗೆ ಚರಂಡಿಗೆ. ಕೊಳಚೆ ಸಂಸ್ಕರಣಾ ಘಟಕ ಕಟ್ಟಿದ್ದು ಹೊಲಸು ತೆಗೆಯಲು, ನ್ಯಾನೋಗ್ರಾಂ ಲೆಕ್ಕದ ಹಾರ್ಮೋನು ತೆಗೆಯಲು ಅಲ್ಲ. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನ ನದಿಗಳಲ್ಲಿ, ಇಂಥ ಘಟಕಗಳ ಕೆಳಗಡೆ, ಗಂಡು ಮೀನುಗಳ ವೃಷಣದಲ್ಲಿ ಮೊಟ್ಟೆಯ ಕಣಗಳು ಸಿಕ್ಕಿದ್ದವು. ಯುರೋಪಿನ 2024ರ ಹೊಸ ನಿಯಮ ದೊಡ್ಡ ಊರುಗಳ ಘಟಕಗಳಲ್ಲಿ ಇದಕ್ಕೆಂದೇ ಇನ್ನೊಂದು ಹಂತ ಸೇರಿಸಲು ಹೇಳುತ್ತದೆ, ಖರ್ಚಿನಲ್ಲಿ ಕನಿಷ್ಠ ಶೇ 80ನ್ನು ಔಷಧ ಮತ್ತು ಸೌಂದರ್ಯ ಸಾಮಗ್ರಿ ಕಂಪನಿಗಳೇ ಕೊಡಬೇಕು ಎನ್ನುತ್ತದೆ. ಬೆಂಗಳೂರಿನ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಲ್ಲಿ ಮೂರನೇ ಹಂತ ಬೇಕು ಎಂದು ಜನ ಕೇಳುತ್ತಿರುವುದು ಸುಮ್ನೆ ಅಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಹೇಳಿಬಿಡುತ್ತೇನೆ, ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಸಿ ಸಾರು, ಬಿಸಿ ಹಾಲು ಪ್ಲಾಸ್ಟಿಕ್‌ಗೆ ಹಾಕಬೇಡಿ. ಸ್ಟೀಲ್ ಡಬ್ಬಿ ಇದೆಯಲ್ಲ. ಬಿಲ್ ಕಾಗದ ಮಕ್ಕಳ ಕೈಗೆ ಕೊಡಬೇಡಿ. ಗೀಚುಬಿದ್ದ ಹಳೆಯ ಕ್ಯಾನ್ ಬಂದರೆ ವಾಪಸ್ ಕೊಡಿ. ಇದಕ್ಕಿಂತ ಜಾಸ್ತಿ ತಲೆಕೆಡಿಸಿಕೊಂಡು ಪ್ರಯೋಜನವಿಲ್ಲ, ಏಕೆಂದರೆ ಡಬ್ಬಿಯ ಒಳಲೇಪ ಯಾವುದು ಎಂದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಕಾರ್ಖಾನೆಗೆ, ಕೇಳುವ ಅಧಿಕಾರ ಇರುವುದು ಸರ್ಕಾರಕ್ಕೆ.

ಯಾರಾದರೂ ಕೇಳಿದರೆ ಕಾರ್ಖಾನೆ ಬದಲಾಗುತ್ತದೆ ಎನ್ನುವುದು ಇನ್ನು ಸ್ವಲ್ಪ ದಿನದಲ್ಲಿ ನಮ್ಮ ರಾಜ್ಯದಲ್ಲೇ ಕಾಣಬಹುದು. ಕರ್ನಾಟಕದಿಂದ ಮಿಡಿಸೌತೆ ಉಪ್ಪುನೀರಿನಲ್ಲಿ, ವಿನೆಗರ್‌ನಲ್ಲಿ ಹಾಕಿ ಯುರೋಪಿಗೂ ಕಳಿಸುತ್ತಾರೆ. ಗಾಜಿನ ಬಾಟಲಿಯ ತಗಡಿನ ಮುಚ್ಚಳಕ್ಕೂ ಒಳಗಡೆ ಲೇಪ ಇರುತ್ತದೆ. ಯುರೋಪಿನ ನಿಷೇಧಕ್ಕೆ ಸಾಮಾನ್ಯ ಗಡುವು 2026ರ ಜುಲೈ, ತರಕಾರಿ, ಹಣ್ಣು, ಮೀನು ಕೆಡದಂತೆ ಇಡುವ ಪ್ಯಾಕಿಂಗ್‌ಗೆ 2028ರ ಜನವರಿ. ಅಲ್ಲಿಗೆ ಹೋಗುವ ಮುಚ್ಚಳಕ್ಕೆ ಬಿಪಿಎ ಇಲ್ಲದ ಲೇಪ ಹಾಕಲೇಬೇಕು, ಹಾಕಿದ್ದೇವೆ ಎಂದು ಬರೆದುಕೊಡಲೂ ಬೇಕು. ಅದೇ ಕಾರ್ಖಾನೆ ನಮ್ಮೂರ ಅಂಗಡಿಗೆ ಕಳಿಸುವ ಉಪ್ಪಿನಕಾಯಿ ಬಾಟಲಿಗೆ ಹಳೆಯ ಮುಚ್ಚಳವನ್ನೇ ಹಾಕಿದರೆ, ತಪ್ಪು ಎಂದು ಹೇಳುವ ಕಾನೂನು ಇಲ್ಲಿಲ್ಲ.